ರೈಲು ಬರುವ ತನಕ ಬಸ್ಸಾದರೂ ಹೊತ್ತಿಗೆ ಬರಲಿ

ದಾವಣಗೆರೆಗೆ ಹೋಗುವುದು ಹೇಗೆ ಅಂತ ಮೊಬೈಲಿನಲ್ಲಿ ಹುಡುಕಿ ನೋಡಿ. ನಾಲ್ಕು ದಾರಿ ತೋರಿಸುತ್ತದೆ: ರೈಲು, ಬಸ್ಸು, ಕಾರು, ವಿಮಾನ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬರುವವರಿಗೆ ಆ ಉತ್ತರ ಸಾಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕಿನ ಹಳ್ಳಿಯಿಂದ ಹೊರಡುವವರಿಗೆ ಮಾತ್ರ ಅದರಲ್ಲಿ ಮುಕ್ಕಾಲು ಪಾಲು ಕೆಲಸಕ್ಕೆ ಬಾರದ್ದು.

ನಮ್ಮ ನಾಲ್ಕೂ ತಾಲ್ಲೂಕು ಕೇಂದ್ರಗಳಿಗೆ ರೈಲು ಹಳಿ ಇಲ್ಲ. ವಿಮಾನ ಇರುವುದು ಪಕ್ಕದ ಜಿಲ್ಲೆಯಲ್ಲಿ. ಕಾರು ಇದ್ದವರ ಮನೆ ಊರಿಗೆ ಹತ್ತೋ ಇಪ್ಪತ್ತೋ. ಉಳಿದದ್ದು ಬಸ್ಸು. ಆಸ್ಪತ್ರೆ, ಕಾಲೇಜು, ಕೋರ್ಟು, ಡಿಸಿ ಆಫೀಸು, ಎಪಿಎಂಸಿ, ಮದುವೆ ಜವಳಿ, ಎಲ್ಲಕ್ಕೂ ಬಸ್ಸೇ. ರೈಲು ಹತ್ತಬೇಕಾದರೂ ಮೊದಲು ಬಸ್ಸು ಹತ್ತಬೇಕು.

ಹೀಗಿದ್ದೂ ನಮ್ಮ ಕಡೆ ಚುನಾವಣೆ ಬಂದಾಗ ಮಾತು ನಡೆಯುವುದು ಹೊಸ ರೈಲು ಮಾರ್ಗದ ಬಗ್ಗೆ, ವಿಮಾನ ನಿಲ್ದಾಣದ ಬಗ್ಗೆ. ಸಂಜೆಯ ಕೊನೆ ಬಸ್ಸಿನ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ. ನಾವು ಹೇಳಬೇಕೆಂದಿರುವುದು ಇಷ್ಟೇ: ರೈಲು ಬೇಕು, ಬೇಡ ಅನ್ನುವುದಿಲ್ಲ. ಆದರೆ ಅದು ಬರುವ ತನಕ ನಮಗೆ ಬಸ್ಸೇ ರೈಲು. ಅದಕ್ಕೆ ರೈಲಿಗೆ ಇರುವ ಹಾಗೆ ಬರೆದಿಟ್ಟ ವೇಳೆ ಬೇಕು, ರಾತ್ರಿಯ ಕೊನೆ ಬಸ್ಸಿಗೆ ಖಾತ್ರಿ ಬೇಕು, ಸ್ಟೇಷನ್ನಿಗೆ ಬರುವ ರೈಲಿನ ಜೊತೆ ಹೊಂದಾಣಿಕೆ ಬೇಕು. ಇದಕ್ಕೆ ನೂರಾರು ಕೋಟಿ ಬೇಕಾಗಿಲ್ಲ.

ಜಿಲ್ಲೆ ಬದಲಾಯಿತು, ದಾರಿ ಬದಲಾಗಲಿಲ್ಲ

ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಆಗ ಮುಖ್ಯಮಂತ್ರಿ ಆಗಿದ್ದವರು ಜೆ.ಎಚ್. ಪಟೇಲರು, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಅಲ್ಲಿಯ ತನಕ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿಯನ್ನು ತಾಲ್ಲೂಕು ಮಾಡುವುದಾಗಿ 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಿಸಿದರು.

ಕಾಗದದ ಮೇಲೆ ಜಿಲ್ಲಾ ಕೇಂದ್ರ ಬದಲಾಯಿತು. ಆದರೆ ನೂರಾರು ವರ್ಷದಿಂದ ಜನ ನಡೆದ ದಾರಿ ಅಷ್ಟು ಸುಲಭಕ್ಕೆ ತಿರುಗುವುದಿಲ್ಲ. ನ್ಯಾಮತಿಯವರಿಗೆ ಶಿವಮೊಗ್ಗ ಸುಮಾರು ಮೂವತ್ತು ಕಿಲೋಮೀಟರ್, ದಾವಣಗೆರೆ ಅದರ ಎರಡರಷ್ಟು. ಹೊನ್ನಾಳಿಗೆ ಶಿವಮೊಗ್ಗ ನಲವತ್ತರ ಆಸುಪಾಸು, ದಾವಣಗೆರೆ ಐವತ್ತರ ಆಸುಪಾಸು. ಚನ್ನಗಿರಿಗೂ ಶಿವಮೊಗ್ಗವೇ ಹತ್ತಿರ. ಜಗಳೂರಿಗೆ ಚಿತ್ರದುರ್ಗ ಹತ್ತಿರ. ಅಂದರೆ ನಾಲ್ಕೂ ತಾಲ್ಲೂಕಿನವರಿಗೆ ಹತ್ತಿರದ ದೊಡ್ಡ ಊರು ಒಂದು, ಜಿಲ್ಲಾ ಕೇಂದ್ರ ಇನ್ನೊಂದು.

ಇದರಿಂದ ಏನಾಗಿದೆ ನೋಡಿ. ಜ್ವರ ಬಂದರೆ ಹೊನ್ನಾಳಿಯವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗುತ್ತಾರೆ. ಜಮೀನಿನ ದಾಖಲೆಗೆ ಡಿಸಿ ಆಫೀಸಿಗೆ ಹೋಗಬೇಕಾದರೆ ದಾವಣಗೆರೆ. ಎರಡು ದಿಕ್ಕಿಗೂ ಬಸ್ಸು ಬೇಕು. ಒಂದೇ ದಿಕ್ಕಿನ ಬಸ್ಸು ಜಾಸ್ತಿ ಮಾಡಿದರೆ ಇನ್ನೊಂದು ಕಡೆ ಕಡಿಮೆಯಾಗುತ್ತದೆ. ಜಿಲ್ಲೆಯ ಗಡಿ ನೋಡಿ ಬಸ್ಸಿನ ವೇಳೆ ಬರೆಯುವವರಿಗೆ ಇದು ಕಾಣುವುದಿಲ್ಲ, ಬಸ್ಸು ಕಾಯುವವರಿಗೆ ಕಾಣುತ್ತದೆ.

ರೈಲು: ನಮ್ಮ ಪಕ್ಕದಲ್ಲಿ ಹೋಗುತ್ತದೆ

ದಾವಣಗೆರೆಯ ರೈಲು ಸೌಕರ್ಯ ಚೆನ್ನಾಗಿದೆ ಅನ್ನುವುದನ್ನು ಒಪ್ಪಲೇಬೇಕು. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗದಲ್ಲೇ ಊರು ಇದೆ. ರಾಣಿ ಚೆನ್ನಮ್ಮ, ಜನಶತಾಬ್ದಿ, ಇಂಟರ್‌ಸಿಟಿ ನಿಲ್ಲುತ್ತವೆ. 2023ರ ಜೂನ್ 27ರಂದು ಶುರುವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ಕೂಡ ದಾವಣಗೆರೆಯಲ್ಲಿ ನಿಲ್ಲುತ್ತದೆ. 2025ರ ಆಗಸ್ಟ್ 10ರಂದು ಬೆಂಗಳೂರು–ಬೆಳಗಾವಿ ವಂದೇ ಭಾರತ್ ಬಂತು.

ಈ ರೈಲುಗಳು ಜಿಲ್ಲೆಯಲ್ಲಿ ಮುಟ್ಟುವುದು ದಾವಣಗೆರೆ ಮತ್ತು ಹರಿಹರ ತಾಲ್ಲೂಕನ್ನು. ಸಂತೇಬೆನ್ನೂರು ಕಡೆಯವರಿಗೆ ಮಾಯಕೊಂಡವೋ ಚಿಕ್ಕಜಾಜೂರೋ ಹತ್ತಿರದ ಸ್ಟೇಷನ್. ಚನ್ನಗಿರಿ ಪಟ್ಟಣದವರು ಭದ್ರಾವತಿ, ಶಿವಮೊಗ್ಗ ಅಥವಾ ದಾವಣಗೆರೆಗೆ ಹೋಗಿ ಹತ್ತಬೇಕು. ಜಗಳೂರಿನವರಿಗೆ ದಾವಣಗೆರೆ ಇಲ್ಲವೇ ಚಿತ್ರದುರ್ಗ. ಹೊನ್ನಾಳಿ, ನ್ಯಾಮತಿಯವರಿಗೆ ಒಂದು ಕಡೆ ಹರಿಹರ, ಇನ್ನೊಂದು ಕಡೆ ಶಿವಮೊಗ್ಗ.

ಹೊಸ ಮಾರ್ಗದ ಕತೆ ಉದ್ದ ಇದೆ. ಶಿವಮೊಗ್ಗ–ಹರಿಹರ ನಡುವೆ ಹೊನ್ನಾಳಿ ಭಾಗದ ಮೇಲೆ ಸುಮಾರು 79 ಕಿಲೋಮೀಟರ್ ಹಳಿ ಹಾಕುವ ಯೋಜನೆ 2011-12ರ ರೈಲ್ವೆ ಬಜೆಟ್ಟಿನಲ್ಲೇ ಬಂದಿತ್ತು. ಆ ವರ್ಷ ಒಂದನೇ ಕ್ಲಾಸಿಗೆ ಸೇರಿದ ಹೊನ್ನಾಳಿಯ ಮಗು ಈಗ ಡಿಗ್ರಿ ಓದುವ ವಯಸ್ಸಿಗೆ ಬಂದಿದೆ. ಹಳಿ ಮಾತ್ರ ಬಂದಿಲ್ಲ. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ಮಾರ್ಗ ಕೂಡ ಅದೇ ಕಾಲದ್ದು. ಅದರಲ್ಲಿ ಅರ್ಧ ಖರ್ಚು ರಾಜ್ಯದ್ದು, ಜಮೀನು ಕೊಡುವ ಹೊಣೆಯೂ ರಾಜ್ಯದ್ದು. ತುಮಕೂರಿನ ಸಂಸದ ವಿ. ಸೋಮಣ್ಣನವರು 2024ರ ಜೂನ್‌ನಲ್ಲಿ ರೈಲ್ವೆ ರಾಜ್ಯ ಸಚಿವರಾದ ಮೇಲೆ ಆ ಕೆಲಸದ ಸುದ್ದಿ ಪೇಪರಿನಲ್ಲಿ ಜಾಸ್ತಿ ಕಾಣುತ್ತಿದೆ. ಅದು ಮುಗಿದರೆ ಅರಸೀಕೆರೆ, ಬೀರೂರು ಸುತ್ತಿ ಹೋಗುವುದು ತಪ್ಪುತ್ತದೆ, ಬೆಂಗಳೂರಿಗೆ ಹೊತ್ತು ಉಳಿಯುತ್ತದೆ. ಒಳ್ಳೆಯದೇ. ಆದರೆ ಆ ಹಳಿಯೂ ಜಗಳೂರು ಪಟ್ಟಣಕ್ಕೆ ಬರುವುದಿಲ್ಲ.

ಇನ್ನೊಂದು ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಮಾರ್ಗ. 2023ರ ಫೆಬ್ರವರಿ 27ರಂದು ಪ್ರಧಾನಿ ಅದಕ್ಕೆ ಅಡಿಗಲ್ಲು ಹಾಕಿದರು, ಆಗ ಹೇಳಿದ ಖರ್ಚು 990 ಕೋಟಿ. ಅದು ನ್ಯಾಮತಿಯ ಪಡುವಲಲ್ಲಿ ಹಾದುಹೋಗುತ್ತದೆ.

ಒಂದು ಹಳಿ ಮೂಡಲಿಗೆ, ಒಂದು ಹಳಿ ಪಡುವಲಿಗೆ, ಒಂದು ಕಾಗದದಲ್ಲಿ. ಇದನ್ನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ಎಲ್ಲಾ ಊರಿಗೂ ರೈಲು ಹಾಕಲು ಆಗುವುದಿಲ್ಲ ಅನ್ನುವುದು ನಮಗೂ ಗೊತ್ತು. ರೈಲು ಇಲ್ಲದ ಊರನ್ನು ರೈಲಿಗೆ ಜೋಡಿಸುವ ಕೆಲಸ ಯಾರದು ಅನ್ನುವುದೇ ಪ್ರಶ್ನೆ. ರೈಲ್ವೆಯವರು ನಮ್ಮದಲ್ಲ ಅನ್ನುತ್ತಾರೆ. ಬಸ್ಸಿನವರು ನಮಗೆ ರೈಲಿನ ವೇಳೆ ಕಟ್ಟಿಕೊಂಡು ಏನಾಗಬೇಕು ಅನ್ನುತ್ತಾರೆ. ನಡುವೆ ಸ್ಟೇಷನ್ ಮುಂದೆ ಬ್ಯಾಗು ಹಿಡಿದು ನಿಂತವರು ನಾವು.

ವಿಮಾನ: ಖಾಲಿ ಸೀಟಿಗೂ ಸರ್ಕಾರ ದುಡ್ಡು ಕೊಡುತ್ತದೆ

ಶಿವಮೊಗ್ಗದ ಸೋಗಾನೆಯಲ್ಲಿರುವ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆ ಆದದ್ದೂ ಅದೇ 2023ರ ಫೆಬ್ರವರಿ 27ರಂದು. ಖರ್ಚು ಸುಮಾರು 450 ಕೋಟಿ. ಗಂಟೆಗೆ 300 ಜನ ಓಡಾಡುವಷ್ಟು ದೊಡ್ಡ ಟರ್ಮಿನಲ್. ಮೊದಲ ವಿಮಾನ ಬೆಂಗಳೂರಿನಿಂದ ಬಂದು ಇಳಿದದ್ದು ಆಗಸ್ಟ್ 31ರಂದು.

ನಕ್ಷೆ ನೋಡಿದರೆ ತಮಾಷೆ ಅನ್ನಿಸುತ್ತದೆ. ಹೊನ್ನಾಳಿ, ಚನ್ನಗಿರಿಯವರಿಗೆ ಸೋಗಾನೆಯೂ ದಾವಣಗೆರೆಯೂ ಹೆಚ್ಚೂಕಮ್ಮಿ ಒಂದೇ ದೂರ. ಅಂದರೆ ಈ ಎರಡು ತಾಲ್ಲೂಕಿಗೆ ಜಿಲ್ಲಾ ಕೇಂದ್ರ ಎಷ್ಟು ದೂರವೋ ವಿಮಾನವೂ ಅಷ್ಟೇ ದೂರ! ದುಬೈಗೋ ಹೈದರಾಬಾದಿಗೋ ಕೆಲಸಕ್ಕೆ ಹೋದ ಹುಡುಗರಿಗೆ ಅನುಕೂಲವೇ. ಆದರೆ ವಿಮಾನ ಇಳಿದ ಮೇಲೆ ಊರಿಗೆ? ಟ್ಯಾಕ್ಸಿ ಮಾಡಿಕೊಳ್ಳಬೇಕು, ಇಲ್ಲ ಮನೆಯಿಂದ ಯಾರಾದರೂ ಬೈಕಿನಲ್ಲಿ ಬರಬೇಕು. ಬೆಂಗಳೂರಿನಿಂದ ಸೋಗಾನೆಗೆ ಬರುವುದಕ್ಕಿಂತ ಸೋಗಾನೆಯಿಂದ ಹಳ್ಳಿ ಮುಟ್ಟುವುದಕ್ಕೆ ಹೆಚ್ಚು ಹೊತ್ತು ಹಿಡಿದರೆ ಆಶ್ಚರ್ಯವಿಲ್ಲ.

ಈಗ ಒಂದು ವಿಷಯ ಗಮನಿಸಿ. ಸಣ್ಣ ಊರುಗಳಿಗೆ ವಿಮಾನ ಹಾರಿಸಲು ಕೇಂದ್ರ ಸರ್ಕಾರದ ಉಡಾನ್ ಯೋಜನೆ ಇದೆ. ಶಿವಮೊಗ್ಗದಿಂದ ಹೈದರಾಬಾದ್, ತಿರುಪತಿ, ಗೋವಾಕ್ಕೆ ವಿಮಾನ ಶುರುವಾದದ್ದು ಈ ಯೋಜನೆಯಲ್ಲೇ. ಇದರ ಕೆಲಸ ಹೀಗೆ: ಕಂಪನಿ ಒಂದಿಷ್ಟು ಸೀಟನ್ನು ಕಡಿಮೆ ದರಕ್ಕೆ ಕೊಡಬೇಕು. ಅದರಿಂದ ಆಗುವ ಕೊರತೆಯನ್ನು ಸರ್ಕಾರ ತುಂಬಿಕೊಡುತ್ತದೆ, ನೂರಕ್ಕೆ ಎಂಬತ್ತು ಭಾಗ ಕೇಂದ್ರದ್ದು, ಇಪ್ಪತ್ತು ಭಾಗ ರಾಜ್ಯದ್ದು. ಮಾರ್ಗ ತನ್ನ ಕಾಲ ಮೇಲೆ ನಿಲ್ಲಲಿ ಅಂತ ಮೂರು ವರ್ಷದ ತನಕ ಈ ಆಸರೆ.

ಇದು ತಪ್ಪು ಅಂತ ನಾವು ಹೇಳುವುದಿಲ್ಲ. ಹೊಸ ಮಾರ್ಗ ಶುರುವಿಗೆ ನಷ್ಟದಲ್ಲಿ ಓಡುತ್ತದೆ, ಜನಕ್ಕೆ ಅಭ್ಯಾಸವಾದ ಮೇಲೆ ತುಂಬುತ್ತದೆ ಅನ್ನುವುದು ಸರಿಯಾದ ಮಾತು. ಅದೇ ಮಾತು ರಾತ್ರಿ ಎಂಟೂವರೆಯ ಹಳ್ಳಿ ಬಸ್ಸಿಗೆ ಯಾಕೆ ಅನ್ವಯಿಸುವುದಿಲ್ಲ? ವಿಮಾನದ ಖಾಲಿ ಸೀಟು "ಅಭಿವೃದ್ಧಿ", ಬಸ್ಸಿನ ಖಾಲಿ ಸೀಟು "ನಷ್ಟ". ಈ ಲೆಕ್ಕ ಯಾವ ಮಗ್ಗಿಯದು?

ಕಾರು: ಹೆದ್ದಾರಿ ಹಾದುಹೋಗುವವರಿಗೆ

ರಸ್ತೆಗಳು ಹಿಂದಿನ ಹಾಗಿಲ್ಲ, ಸುಧಾರಿಸಿವೆ. ದಾವಣಗೆರೆ ಪಕ್ಕ ರಾಷ್ಟ್ರೀಯ ಹೆದ್ದಾರಿ 48 ಇದೆ, ನಮ್ಮ ಹಿರಿಯರು ಈಗಲೂ ಪಿ.ಬಿ. ರೋಡು ಅನ್ನುವುದು ಇದರ ಹಳೇ ದಾರಿಯನ್ನೇ. ಸೊಲ್ಲಾಪುರ–ಮಂಗಳೂರು ನಡುವಿನ ಹಳೇ 13ನೇ ನಂಬರ್ ಹೆದ್ದಾರಿ ನಮ್ಮ ಎರಡು ತಾಲ್ಲೂಕನ್ನು ದಾಟುತ್ತದೆ. ಜಗಳೂರು ತಾಲ್ಲೂಕಿನ ದೊಣೆಹಳ್ಳಿ ಕಡೆ ಒಮ್ಮೆ, ಚಿತ್ರದುರ್ಗ, ಹೊಳಲ್ಕೆರೆ ಆದ ಮೇಲೆ ಚನ್ನಗಿರಿಯಲ್ಲಿ ಇನ್ನೊಮ್ಮೆ.

ಆದರೆ ಹೆದ್ದಾರಿ ಇದ್ದರೆ ಊರಿಗೆ ಬಸ್ಸು ಇದ್ದ ಹಾಗೆ ಅಲ್ಲ. ದೂರದ ಬಸ್ಸುಗಳು ಹಳ್ಳಿ ಕ್ರಾಸಿನಲ್ಲಿ ನಿಲ್ಲುವುದಿಲ್ಲ. ಸಂಜೆ ಹೊತ್ತು ಕೈ ಅಡ್ಡ ಹಾಕಿ ನಿಂತರೂ ಧೂಳು ಹಾರಿಸಿ ಹೋಗುತ್ತವೆ.

ಬಸ್ಸು ಸಿಗದಾಗ ಜನ ಏನು ಮಾಡುತ್ತಾರೆ ಅಂತ ನಿಮಗೆ ಗೊತ್ತಿದೆ. ಆಪೆ ಆಟೋದಲ್ಲಿ ಹನ್ನೆರಡು ಜನ. ಗೂಡ್ಸ್ ಗಾಡಿಯ ಹಿಂದೆ ಗಾರೆ ಕೆಲಸದವರು, ಅಡಿಕೆ ಸುಲಿಯಲು ಹೋದ ಹೆಣ್ಣುಮಕ್ಕಳು. ಒಂದು ಬೈಕಿನಲ್ಲಿ ಮೂವರು, ನಡುವೆ ಕೂಸು. ಮದುವೆ, ದಿಬ್ಬಣಕ್ಕೆ ಟ್ರ್ಯಾಕ್ಟರ್. ಅಪಘಾತ ಆದ ದಿನ "ಯಾಕೆ ಹಾಗೆ ಹೋದರು" ಅಂತ ಎಲ್ಲರೂ ಕೇಳುತ್ತಾರೆ. ಬೇರೆ ಏನಿತ್ತು ಅಂತ ಯಾರೂ ಕೇಳುವುದಿಲ್ಲ. ಅದಕ್ಕೇ ಬಸ್ಸಿನ ವೇಳೆಯನ್ನು ಬರೀ ಅನುಕೂಲದ ಮಾತು ಅಂತ ನಾವು ನೋಡುವುದಿಲ್ಲ. ಅದು ಜೀವದ ಮಾತು.

ಬಸ್ಸು: ಟಿಕೆಟ್ ಉಚಿತ, ಬಸ್ಸು ಎಲ್ಲಿ?

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಇದರಿಂದ ಆದ ಒಳ್ಳೆಯದನ್ನು ನಾವು ಕಣ್ಣಾರೆ ನೋಡಿದ್ದೇವೆ. ವರ್ಷಕ್ಕೊಮ್ಮೆ ತವರಿಗೆ ಹೋಗುತ್ತಿದ್ದವರು ತಿಂಗಳಿಗೊಮ್ಮೆ ಹೋಗುತ್ತಿದ್ದಾರೆ. ಗಂಡನ ಹತ್ತಿರ ಬಸ್ ಚಾರ್ಜು ಕೇಳದೆ ಆಸ್ಪತ್ರೆಗೆ ಹೊರಡುತ್ತಿದ್ದಾರೆ. 2025ರ ಜನವರಿ 5ರಿಂದ ಬಸ್ ದರ ನೂರಕ್ಕೆ ಹದಿನೈದರಷ್ಟು ಏರಿದಾಗ ಗಂಡಸರ ಜೇಬಿಗೆ ಬಿಸಿ ತಟ್ಟಿತು, ಹೆಣ್ಣುಮಕ್ಕಳಿಗೆ ತಟ್ಟಲಿಲ್ಲ.

ಆದರೆ ನಮ್ಮ ಜಿಲ್ಲೆಯಲ್ಲಿ ಒಂದು ವಿಶೇಷ ಇದೆ. ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗ ಕಡೆ ಹಳೇ ಕಾಲದಿಂದಲೂ ಖಾಸಗಿ ಬಸ್ಸು ಜಾಸ್ತಿ. ಎಷ್ಟೋ ಹಳ್ಳಿಗೆ ಬರುವುದು ಖಾಸಗಿ ಬಸ್ಸು ಮಾತ್ರ. ಖಾಸಗಿ ಬಸ್ಸಿನಲ್ಲಿ ಶಕ್ತಿ ನಡೆಯುವುದಿಲ್ಲ. ಹಾಗಾಗಿ ಒಂದೇ ತಾಲ್ಲೂಕಿನಲ್ಲಿ ರೋಡಿನ ಈ ಕಡೆ ಹಳ್ಳಿಯ ಅಕ್ಕನಿಗೆ ಪ್ರಯಾಣ ಉಚಿತ, ಆ ಕಡೆ ಹಳ್ಳಿಯ ಅಕ್ಕನಿಗೆ ಕಾಸು ಕೊಟ್ಟೇ ಪ್ರಯಾಣ. ಖಾಸಗಿ ಬಸ್ಸಿನವರನ್ನು ಬೈಯುವುದಕ್ಕೆ ಇದನ್ನು ಹೇಳುತ್ತಿಲ್ಲ. ಸರ್ಕಾರಿ ಬಸ್ಸು ಬಾರದ ಕಾಲದಿಂದ ನಮ್ಮನ್ನು ಹೊತ್ತು ತಂದವರು ಅವರೇ. ಡೀಸೆಲ್, ಟ್ಯಾಕ್ಸು ಕಟ್ಟಿ ಅವರೂ ಬದುಕಬೇಕು. ಮುಖ್ಯ ರಸ್ತೆಯಲ್ಲಿ ಹೆಣ್ಣುಮಕ್ಕಳೆಲ್ಲ ಸರ್ಕಾರಿ ಬಸ್ಸಿಗೆ ಹೋದ ಮೇಲೆ ಅವರ ಗಲ್ಲಾಪೆಟ್ಟಿಗೆಗೆ ಪೆಟ್ಟು ಬಿತ್ತು. ಹೀಗೆ ಕಷ್ಟಕ್ಕೆ ಬಿದ್ದ ಬಸ್ಸಿನವರು ಮೊದಲು ನಿಲ್ಲಿಸುವುದು ಜನ ಕಡಿಮೆ ಇರುವ ಟ್ರಿಪ್ಪನ್ನೇ. ಅದು ರಾತ್ರಿಯದು.

ವಿದ್ಯಾರ್ಥಿಗಳ ಪಾಸಿನದೂ ಇದೇ ಪಾಡು. ಕೆಎಸ್‌ಆರ್‌ಟಿಸಿ 60 ಕಿಲೋಮೀಟರ್ ತನಕ ಪಾಸು ಕೊಡುತ್ತದೆ. ಚನ್ನಗಿರಿಯಿಂದ ದಾವಣಗೆರೆ ಅಷ್ಟರೊಳಗೇ ಬರುತ್ತದೆ. ಪಾಸು ಕೈಯಲ್ಲಿದ್ದರೂ ಹೊತ್ತಿಗೆ ಬಸ್ಸು ಇಲ್ಲದಿದ್ದರೆ ಮೊದಲ ಪೀರಿಯಡ್ ಹೋಯಿತು. ಸಂಜೆ ಲ್ಯಾಬ್ ಮುಗಿಸಿ ಬಂದರೆ ಕೊನೆ ಬಸ್ಸು ಹೋಯಿತು. ಗಂಡುಹುಡುಗ ಆದರೆ ಲಾರಿಗೆ ಕೈ ಮಾಡುತ್ತಾನೆ. ಹೆಣ್ಣುಹುಡುಗಿ ಆದರೆ ಮನೆಯಲ್ಲಿ ಎರಡು ದಿನ ಬೈಗುಳ, ಮೂರನೇ ದಿನ "ಸಾಕು ಕಾಲೇಜು". ಫೀಸು ಕಟ್ಟಲಾಗದೆ ಓದು ಬಿಟ್ಟವರ ಬಗ್ಗೆ ಎಲ್ಲರೂ ಬರೆಯುತ್ತಾರೆ. ಕೊನೆ ಬಸ್ಸು ತಪ್ಪಿ ಓದು ಬಿಟ್ಟವರೂ ನಮ್ಮ ಊರುಗಳಲ್ಲಿ ಇದ್ದಾರೆ.

ದಾವಣಗೆರೆ ವಿಶ್ವವಿದ್ಯಾಲಯವನ್ನೇ ನೋಡಿ. 2009ರಲ್ಲಿ ಸ್ಥಾಪನೆ ಆದದ್ದು, ತೋಳಹುಣಸೆಯಲ್ಲಿದೆ, ಚನ್ನಗಿರಿ ರಸ್ತೆಯಲ್ಲೇ. ತೋಳಹುಣಸೆಗೆ ರೈಲ್ವೆ ಸ್ಟೇಷನ್ನೂ ಇದೆ! ಒಂದೇ ಊರಲ್ಲಿ ಹಳಿ, ಹೆದ್ದಾರಿಯ ಹಾಗಿನ ರಸ್ತೆ, ವಿಶ್ವವಿದ್ಯಾಲಯ ಮೂರೂ ಇರುವುದು ಎಷ್ಟು ಕಡೆ ಸಿಗುತ್ತದೆ? ಕ್ಲಾಸು ಶುರುವಾಗುವ ಹೊತ್ತಿಗೆ, ಬಿಡುವ ಹೊತ್ತಿಗೆ ಒಂದು ಪ್ಯಾಸೆಂಜರ್ ರೈಲು, ಅದಕ್ಕೆ ಹೊಂದುವ ಬಸ್ಸು ಅಂತ ಕೂತು ಬರೆದರೆ ಇಲ್ಲಿ ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ.

"ರಾತ್ರಿ ಬಸ್ಸಿಗೆ ಜನ ಇರಲ್ಲ"

ಈ ಮಾತು ಪ್ರತಿ ಸಲ ಕೇಳಿಬರುತ್ತದೆ. ಇದರಲ್ಲಿ ನಿಜ ಇದೆ, ಆದ್ದರಿಂದ ಉತ್ತರ ಕೊಡಲೇಬೇಕು.

ಮೊದಲನೆಯದು, ಬಸ್ಸು ಇದೆ ಅನ್ನುವ ನಂಬಿಕೆ ಇಲ್ಲದ ಕಡೆ ಜನ ಬರುವುದಿಲ್ಲ. ಇವತ್ತು ಬಂದು ನಾಳೆ ಬಾರದ ಬಸ್ಸನ್ನು ನಂಬಿ ಯಾರು ರಾತ್ರಿ ಎಂಟರ ತನಕ ಪೇಟೆಯಲ್ಲಿ ಕೂರುತ್ತಾರೆ? ಆರು ತಿಂಗಳು ತಪ್ಪದೆ ಓಡಿಸಿ, ಆಮೇಲೆ ತಲೆ ಎಣಿಸಿ.

ಎರಡನೆಯದು, ರಾತ್ರಿ ಬಸ್ಸಿನ ಆದಾಯವನ್ನು ಒಂಟಿಯಾಗಿ ಲೆಕ್ಕ ಹಾಕುವುದು ಸರಿಯಲ್ಲ. ಕೊನೆ ಬಸ್ಸು ಇದೆ ಅಂತ ಧೈರ್ಯ ಇದ್ದವರು ಬೆಳಗ್ಗೆ ಬಸ್ಸಿನಲ್ಲೇ ಹೋಗುತ್ತಾರೆ. ಇಲ್ಲದಿದ್ದರೆ ಬೆಳಗ್ಗೆಯೇ ಬೈಕ್ ತೆಗೆಯುತ್ತಾರೆ. ರಾತ್ರಿಯ ಒಂದು ಬಸ್ಸು ನಿಂತರೆ ಹಗಲಿನ ಬಸ್ಸಿನ ಜನವೂ ಕಡಿಮೆಯಾಗುತ್ತದೆ.

ಮೂರನೆಯದು, ಹಾಲ್ಟಿಂಗ್ ಬಸ್ಸು. ಕೆಲವು ಕಡೆ ವಸ್ತಿ ಬಸ್ಸು ಅಂತಲೂ ಅನ್ನುತ್ತಾರೆ. ರಾತ್ರಿ ಹಳ್ಳಿಗೆ ಬಂದು ಅಲ್ಲೇ ತಂಗಿ, ಬೆಳಗ್ಗೆ ಮೊದಲ ಟ್ರಿಪ್ ಅಲ್ಲಿಂದಲೇ ಹೊರಡುವುದು. ರಾತ್ರಿ ಹತ್ತು ಜನ ತಂದರೂ ಬೆಳಗ್ಗೆ ಹಾಲು, ತರಕಾರಿ, ಕಾಲೇಜು ಮಕ್ಕಳು, ಆಸ್ಪತ್ರೆ ಚೀಟಿಯವರು ಎಲ್ಲ ಸೇರಿ ಬಸ್ಸು ತುಂಬುತ್ತದೆ. ಡ್ರೈವರ್, ಕಂಡಕ್ಟರ್ ಮಲಗಲು ಹಿಂದೆ ಊರಿನವರು ಶಾಲೆಯನ್ನೋ ಗುಡಿಯ ಕಟ್ಟೆಯನ್ನೋ ತೋರಿಸುತ್ತಿದ್ದರು. ಈಗ ಅದು ಸಾಲದು. ಒಂದು ಕೋಣೆ, ಫ್ಯಾನು, ಶೌಚಾಲಯ ಬೇಕು. ಅದನ್ನು ಗ್ರಾಮ ಪಂಚಾಯ್ತಿ ಕೊಡಬಹುದು, ಕೊಡಬೇಕು. ಬಸ್ಸು ಕೇಳುವ ನಾವು ಬಸ್ಸಿನವರ ನಿದ್ದೆಯ ಬಗ್ಗೆಯೂ ಯೋಚಿಸದಿದ್ದರೆ ಹೇಗೆ?

ದುಡ್ಡಿನ ಲೆಕ್ಕವನ್ನೂ ಹಾಕೋಣ. ಇದು ನಾವು ಸುಮ್ಮನೆ ಹಾಕಿಕೊಂಡ ಅಂದಾಜು, ಸರ್ಕಾರದ ಅಂಕಿ ಅಲ್ಲ. ಒಂದು ಬಸ್ಸಿಗೆ ಕಿಲೋಮೀಟರಿಗೆ 50 ರೂಪಾಯಿ ಖರ್ಚು ಅಂತ ಇಟ್ಟುಕೊಂಡರೆ 50 ಕಿಲೋಮೀಟರಿಗೆ 2,500. ಹದಿನೈದೇ ಜನ ಬಂದು ತಲಾ 60 ರೂಪಾಯಿ ಕೊಟ್ಟರೆ 900. ಕೊರತೆ 1,600. ವರ್ಷಕ್ಕೆ 5 ಲಕ್ಷ 84 ಸಾವಿರ. ನಾಲ್ಕು ತಾಲ್ಲೂಕಿಗೆ ಒಂದೊಂದು ಬಸ್ಸು ಅಂದರೆ 23 ಲಕ್ಷದ ಮೇಲೆ ಸ್ವಲ್ಪ. ನಮ್ಮ ಅಂದಾಜು ತಪ್ಪಿ ಇದರ ಎರಡರಷ್ಟೇ ಆಗಲಿ, 450 ಕೋಟಿಯ ಪಕ್ಕದಲ್ಲಿ ಇಟ್ಟು ನೋಡಿ.

ಕೊರತೆ ತುಂಬುವ ದಾರಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಕೊಪ್ಪದ ಸಹಕಾರ ಸಾರಿಗೆ ಇದೆ. 1991ರಲ್ಲಿ, ಇದ್ದ ಬಸ್ ಕಂಪನಿ ನಿಂತಾಗ ಅಲ್ಲಿನ ಕೆಲಸಗಾರರೇ ಸೇರಿ ಸಹಕಾರ ಸಂಘ ಕಟ್ಟಿ ಬಸ್ಸು ಓಡಿಸಿದರು. ಮಲೆನಾಡಿನ ಮೂಲೆ ಮೂಲೆಗೆ ಅವರ ಬಸ್ಸು ಹೋಗುತ್ತಿತ್ತು. ಸುಮಾರು ಮೂರು ದಶಕ ನಡೆಯಿತು. 2020ರ ಫೆಬ್ರವರಿಯಲ್ಲಿ ನಿಂತೇಹೋಯಿತು. ಜನರೇ ಸೇರಿ ಬಸ್ಸು ನಡೆಸಬಹುದು ಅನ್ನುವುದನ್ನು ಅವರು ತೋರಿಸಿದರು. ಕೈ ಹಿಡಿಯುವವರಿಲ್ಲದಿದ್ದರೆ ಅಂಥದ್ದೂ ಉಳಿಯುವುದಿಲ್ಲ ಅನ್ನುವುದನ್ನೂ ತೋರಿಸಿದರು. ಅಡಿಕೆಗೆ ತುಮ್ಕೋಸ್‌ನಂಥ ದೊಡ್ಡ ಸಹಕಾರ ಸಂಘ ಕಟ್ಟಿದ ಚನ್ನಗಿರಿಯವರಿಗೆ ಇದು ಬೇಗ ಅರ್ಥವಾಗುತ್ತದೆ.

ಕೇಳುವುದು ಯಾರನ್ನು, ಏನು ಕೇಳುವುದು

"ಬಸ್ಸು ಬಿಡಿಸಿ" ಅಂತ ಎಂಎಲ್‌ಎ ಕಾರಿಗೆ ಅಡ್ಡ ನಿಂತರೆ ಒಂದು ವಾರ ಬಸ್ಸು ಬರುತ್ತದೆ, ಎಂಟನೇ ದಿನ ನಿಲ್ಲುತ್ತದೆ. ಕೇಳಬೇಕಾದ ಜಾಗ ಬೇರೆ ಇದೆ.

ಬಸ್ ಪರ್ಮಿಟ್ ಕೊಡುವುದು ಜಿಲ್ಲೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿ, ಕಾರ್ಯದರ್ಶಿ ಆರ್‌ಟಿಓ. 1988ರ ಮೋಟಾರು ವಾಹನ ಕಾಯ್ದೆಯ 72ನೇ ಸೆಕ್ಷನ್ ಪ್ರಕಾರ ಪರ್ಮಿಟ್ ಕೊಡುವಾಗ ಈ ಪ್ರಾಧಿಕಾರ ಷರತ್ತು ಹಾಕಬಹುದು: ದಿನಕ್ಕೆ ಕನಿಷ್ಠ ಎಷ್ಟು ಟ್ರಿಪ್, ಯಾವ ವೇಳೆಗೆ, ವೇಳಾಪಟ್ಟಿ ಮತ್ತು ದರಪಟ್ಟಿಯನ್ನು ಬಸ್ಸಿನಲ್ಲೂ ನಿಲ್ದಾಣದಲ್ಲೂ ಹಾಕಬೇಕು ಅಂತ. ಅಂದರೆ ನಮ್ಮ ಕ್ರಾಸಿನಲ್ಲಿ ಬಸ್ಸಿನ ವೇಳೆಯ ಬೋರ್ಡು ಇರಬೇಕು ಅನ್ನುವುದು ಹೊಸ ಕನಸೇನಲ್ಲ. ಕಾಯ್ದೆಯಲ್ಲೇ ಅದಕ್ಕೆ ಜಾಗ ಇದೆ. ನಿಮ್ಮ ಊರಿನ ನಿಲ್ದಾಣದಲ್ಲಿ ಗುಟ್ಕಾ ಜಾಹೀರಾತು, ಹುಟ್ಟುಹಬ್ಬದ ಫ್ಲೆಕ್ಸು ಇರಬಹುದು. ಬಸ್ಸಿನ ವೇಳೆ ಇದೆಯಾ ನೋಡಿ.

ನಮ್ಮ ಬೇಡಿಕೆ ಐದು.

ಒಂದು, ಪ್ರತಿ ಹಳ್ಳಿ ನಿಲ್ದಾಣದಲ್ಲಿ ಸರ್ಕಾರಿ, ಖಾಸಗಿ ಎರಡೂ ಬಸ್ಸಿನ ವೇಳೆ ಒಂದೇ ಬೋರ್ಡಿನಲ್ಲಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ.

ಎರಡು, ದಾವಣಗೆರೆಯಿಂದ ನಾಲ್ಕೂ ತಾಲ್ಲೂಕು ಕೇಂದ್ರಕ್ಕೆ ರಾತ್ರಿಯ ಒಂದು ಖಾತ್ರಿ ಬಸ್ಸು, ಸಂಜೆಯ ರೈಲು ಬಂದ ಮೇಲೆ ಹೊರಡುವಂಥದ್ದು. ರೈಲು ತಡವಾದರೆ ಅರ್ಧ ಗಂಟೆ ಕಾಯುವಂಥದ್ದು. ಶಿವಮೊಗ್ಗದಿಂದ ನ್ಯಾಮತಿ, ಹೊನ್ನಾಳಿ, ಚನ್ನಗಿರಿಗೂ, ಚಿತ್ರದುರ್ಗದಿಂದ ಜಗಳೂರಿಗೂ ಹಾಗೆಯೇ.

ಮೂರು, ಆ ಬಸ್ಸು ಮುಟ್ಟಿದ ಮೇಲೆ ತಾಲ್ಲೂಕು ಕೇಂದ್ರದಿಂದ ಹೋಬಳಿಗಳಿಗೆ ಒಂದೊಂದು ಹಾಲ್ಟಿಂಗ್ ಬಸ್ಸು. ದೊಡ್ಡ ಬಸ್ಸೇ ಆಗಬೇಕು ಅಂತಿಲ್ಲ, ಮಿನಿ ಬಸ್ಸೂ ಸಾಕು.

ನಾಲ್ಕು, ಈ ರಾತ್ರಿ ಟ್ರಿಪ್ಪುಗಳ ಕೊರತೆಯನ್ನು ಉಡಾನ್ ಮಾದರಿಯಲ್ಲಿ ಮೂರು ವರ್ಷ ಸರ್ಕಾರ ತುಂಬಲಿ. ಖಾಸಗಿಯವರು ಓಡಿಸಿದರೂ ಸರಿ, ಷರತ್ತು ಒಂದೇ: ಒಂದು ದಿನವೂ ತಪ್ಪಬಾರದು, ಹೆಣ್ಣುಮಕ್ಕಳಿಗೆ ಶಕ್ತಿ ಸಿಗಬೇಕು.

ಐದು, ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಂಥ ಕ್ಷೇತ್ರಗಳಿಗೆ ಜಾತ್ರೆ ದಿನ ಮಾತ್ರವಲ್ಲ, ವರ್ಷವಿಡೀ ಸ್ಟೇಷನ್ನಿನಿಂದ ನೇರ ಬಸ್ಸು. ಸಂತ ಸೇವಾಲಾಲರ ಆ ಊರಿಗೆ ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದ ಬಂಜಾರರು ಬರುತ್ತಾರೆ. ಫೆಬ್ರವರಿಯ ಜಯಂತಿಗೆ ವ್ಯವಸ್ಥೆ ಆಗುತ್ತದೆ. ಉಳಿದ ದಿನ ಭಾಷೆ ಬಾರದ ಆ ಮುದುಕರು ಆಟೋದವರು ಹೇಳಿದ ರೇಟಿಗೆ ಹೋಗಬೇಕು.

ಈ ಐದನ್ನೂ ಗ್ರಾಮಸಭೆಯಲ್ಲಿ ಇಟ್ಟು ನಿರ್ಣಯ ಬರೆಸಿ. ಬಾಯಿಮಾತಿಗೆ ಬೆಲೆ ಇಲ್ಲ, ನಡಾವಳಿ ಪುಸ್ತಕದಲ್ಲಿ ಬರೆದದ್ದಕ್ಕೆ ಇದೆ. ಅದರ ಪ್ರತಿಯನ್ನು ಪಿಡಿಓ ಮೂಲಕ ಜಿಲ್ಲಾಧಿಕಾರಿಗೆ, ಆರ್‌ಟಿಓಗೆ, ಕೆಎಸ್‌ಆರ್‌ಟಿಸಿ ವಿಭಾಗದ ನಿಯಂತ್ರಣಾಧಿಕಾರಿಗೆ ಕಳಿಸಿ. ನಿಮ್ಮ ಮಾರ್ಗದಲ್ಲಿ ಯಾವ ಬಸ್ಸಿಗೆ ಯಾವ ವೇಳೆಗೆ ಪರ್ಮಿಟ್ ಇದೆ ಅನ್ನುವುದನ್ನು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಗೆ ಕೇಳಬಹುದು. ಕಾಗದದಲ್ಲಿ ಎಂಟು ಗಂಟೆಗೆ ಓಡುವ ಬಸ್ಸು ರಸ್ತೆಯಲ್ಲಿ ಓಡದಿದ್ದರೆ ಆಗ ಮಾತಾಡಲು ಕೈಯಲ್ಲಿ ಆಧಾರ ಇರುತ್ತದೆ.

ಅಲ್ಲಿಯ ತನಕ ರೈಲಿಗೆ ಹೋಗುವವರು ಮನೆ ಬಿಡುವ ಮೊದಲೇ 139ಕ್ಕೆ ಫೋನು ಮಾಡಿ ರೈಲು ಎಷ್ಟು ತಡ ಅಂತ ತಿಳಿದುಕೊಳ್ಳಿ. ಹೊನ್ನಾಳಿ, ನ್ಯಾಮತಿಯವರು ಹರಿಹರ, ಶಿವಮೊಗ್ಗ ಎರಡೂ ಕಡೆಯ ರೈಲು ನೋಡಿ. ಟಿಕೆಟ್ ಯಾವುದು ಅಗ್ಗ ಅನ್ನುವುದಕ್ಕಿಂತ ಇಳಿದ ಮೇಲೆ ಬಸ್ಸು ಎಲ್ಲಿ ಸಿಗುತ್ತದೆ ಅನ್ನುವುದನ್ನು ಮೊದಲು ನೋಡಿ.

ನಾವು ಒಂದು ಕೆಲಸ ಶುರು ಮಾಡಿದ್ದೇವೆ. ನಾಲ್ಕೂ ತಾಲ್ಲೂಕಿನ ಹಳ್ಳಿಗಳ ಕೊನೆ ಬಸ್ಸಿನ ಪಟ್ಟಿ. ನಿಮ್ಮ ಊರು, ಕೊನೆ ಬಸ್ಸು ಹೊರಡುವ ವೇಳೆ, ವಾರದಲ್ಲಿ ಎಷ್ಟು ದಿನ ನಿಜವಾಗಿ ಬರುತ್ತದೆ, ಸರ್ಕಾರಿಯೋ ಖಾಸಗಿಯೋ, ಇಷ್ಟು ಬರೆದು ಕಳಿಸಿ. ಹೆಸರು ಬೇಕಾಗಿಲ್ಲ. ಪಟ್ಟಿ ತುಂಬಿದ ದಿನ ಅದನ್ನು ಪ್ರಿಂಟು ಹಾಕಿಸಿ ಜಿಲ್ಲಾಧಿಕಾರಿಗಳ ಟೇಬಲ್ ಮೇಲೆ ಇಡುತ್ತೇವೆ. ಒಂದೂ ಬಸ್ಸು ಬಾರದ ಊರು ಇದ್ದರೆ ಅದನ್ನೂ ಬರೆಯಿರಿ. ಆ ಊರಿನ ಹೆಸರನ್ನು ಪಟ್ಟಿಯಲ್ಲಿ ಮೊದಲು ಹಾಕುತ್ತೇವೆ.